ಲಿವರ್ ಕೊಡಾಕಿಗೂ ಆ ನಂಬರ್ ಹೇಳ್ರಿ

ನಮ್ಮ ಬಳಗ, ಓಣಿ ಎಲ್ಲಾ ಸೇರಿ ಲಿವರ್ ಹಾಕಿಸ್ಕೊಂಡವರು ಮೂರು ಮಂದಿ ಆದ್ರು. ಮೂವರೂ ಗಂಡಸ್ರು. ಕೊಟ್ಟವರು ಇಬ್ಬರು ಹೆಂಡ್ತೀರು, ಒಬ್ಬಾಕಿ ಮಗಳು. ನಮ್ಮ ದೇಶದಾಗ ಬದುಕಿದ್ದಾಗ ಅಂಗ ಕೊಡೋರು ಹೆಣ್ಣಮಕ್ಕಳೇ ಹೆಚ್ಚು, ಅದೇನ್ ಹೊಸಾ ಸುದ್ದಿ ಅಲ್ಲ ಬಿಡ್ರಿ. ನನ್ನ ತಕರಾರು ಬ್ಯಾರೆ. ಕೊಡೋಕಿಂತ ಮೊದಲ ಆಕಿಗೆ ಏನೇನು ಹೇಳಿರ್ತಾರ?

ಈಗ ಬಳಗದಾಗ ಇನ್ನೊಬ್ಬಾಕಿ ತಯಾರಾಗ್ಯಾಳ. ಗಂಡಗ ಲಿವರ್ ಕ್ಯಾನ್ಸರ್. ಫೈಲ್ ಮೈದುನನ ಕೈಯಾಗ. "ಎಎಫ್‌ಪಿ ಎಷ್ಟದ?" ಅಂತ ಕೇಳಿದ್ರ, "ಹಂಗಂದ್ರೇನ್ರೀ?" ಅಂದ್ಲು. ಅರ್ಧಕ್ಕಿಂತ ಹೆಚ್ಚು ಲಿವರ್ ಕೊಡಾಕಿ ಆಕಿ, ನಂಬರ್ ಗೊತ್ತಿರೋದು ಮೈದುನಗ!

ಎಎಫ್‌ಪಿ ಅಂದ್ರ ಆಲ್ಫಾ ಫೀಟೋಪ್ರೋಟೀನ್. ಹೊಟ್ಟ್ಯಾಗಿನ ಕೂಸಿನ ಲಿವರ್ ಇದನ್ನ ತಯಾರಿಸ್ತದ. ಬಸುರಿದ್ದಾಗ ನಮ್ಮಲ್ಲಿ ಕೆಲವರಿಗೆ ಇದೇ ಪರೀಕ್ಷಾ ಮಾಡಿರ್ತಾರ. ಹುಟ್ಟಿದ ಮ್ಯಾಲೆ ಕೂಸಿನೊಳಗ ಇದು ಇಳದು ಹೋಗ್ತದ. ದೊಡ್ಡವರೊಳಗ ಮತ್ತ ಏರಿದ್ರ ಲಿವರ್ ಕ್ಯಾನ್ಸರಿನ ಸಂಶಯ. ಹಿಂದ ಗಡ್ಡೆಯ ಅಳತಿ ನೋಡಿ ಕಸಿ ನಿರ್ಧಾರ ಮಾಡ್ತಿದ್ರು. 1996ರ ಮಿಲಾನ್ ನಿಯಮ: ಒಂದೇ ಗಡ್ಡಿ ಇದ್ರ 5 ಸೆಂಟಿಮೀಟರ್ ಒಳಗ, ಮೂರರ ತನಕ ಇದ್ರ ಒಂದೊಂದೂ 3ರೊಳಗ. ಆದ್ರ ಸಣ್ಣ ಗಡ್ಡಿಯೂ ರಕ್ತದಾಗ ಕಣ ಬಿಟ್ಟಿರಬಹುದು. ಹೊಸಾ ಲಿವರ್ ಹಾಕಿದ ಮ್ಯಾಲೆ ಆ ಕಣಗಳು ಮತ್ತ ಚಿಗಿತಾವು, ಅದಕ್ಕ ರಕ್ತದ ನಂಬರ್ ಬೇಕು.

2017ರಾಗ ಅಮೆರಿಕಾದವರು ರಿಟ್ರೀಟ್ ಅಂತ ಒಂದು ಅಂಕದ ಲೆಕ್ಕ ತಂದ್ರು. ಎಎಫ್‌ಪಿ 20ರ ತನಕ ಸೊನ್ನೆ, 99ರ ತನಕ ಒಂದು, 999ರ ತನಕ ಎರಡು, 1000 ದಾಟಿದ್ರ ಮೂರು. ತಗದ ಲಿವರಿನಾಗ ಕಂಡ ಗಡ್ಡಿಯ ಅಳತಿ, ಎಣಿಕಿ, ಸಣ್ಣ ರಕ್ತನಾಳಕ್ಕ ಹೊಕ್ಕದೋ ಇಲ್ಲೋ, ಅದಕ್ಕೂ ಅಂಕ. ಒಟ್ಟು ಸೊನ್ನೆ ಬಂದವರೊಳಗ ಐದು ವರ್ಷದಾಗ ಮರುಕಳಿಸಿದ್ದು ನೂರಕ್ಕ ಮೂರಕ್ಕಿಂತ ಕಡಿಮಿ, ಐದು ಇಲ್ಲಾ ಅದಕ್ಕಿಂತ ಹೆಚ್ಚು ಬಂದವರೊಳಗ ಸುಮಾರು 75. ಉಳಿದ ಅಂಕ ಆಪರೇಷನ್ ಆದ ಮ್ಯಾಲೆ ಗೊತ್ತಾಗ್ತಾವ, ಎಎಫ್‌ಪಿ ಮಾತ್ರ ಮೊದಲ. ಅದಕ್ಕs ಕೊಡಾಕಿಗೆ ಅದು ಮುಖ್ಯ ಅಂತೀನಿ.

"ಹೇಳಿದ್ರ ಅಂಜಿ ಹಿಂದ ಸರೀತಾಳ" ಅಂತಾರ. ಸರಿದ್ರ ಸರೀಲಿ! 1994ರ ಅಂಗ ಕಸಿ ಕಾಯ್ದೆ ಅಪಾಯ ತಿಳಿಸಿ ಒಪ್ಪಿಗಿ ತಗೋರಿ ಅಂತದ. ಆಪರೇಷನ್ನಿನ ಅಪಾಯ ಡಾಕ್ಟರ್ ಹೇಳ್ತಾರ. ಕೊಟ್ಟದ್ದು ಎಷ್ಟು ದಿನ ಬಾಳಬಹುದು ಅನ್ನೋದನ್ನ ಮನಿಯವರು ನುಂಗ್ತಾರ. ನಮ್ಮಾಕಿಗೆ ನಂಬರ್ ಗೊತ್ತಾತು, ಸಾವಿರದ ಮ್ಯಾಲಿತ್ತು. ಈಗ ಆಕಿನೇ ಡಾಕ್ಟರಿಗೆ ಕೇಳ್ಯಾಳ, ಮೊದಲ ಗಡ್ಡಿಗೆ ಚಿಕಿತ್ಸಾ ಮಾಡಿ ಅದನ್ನ ಇಳಸ್ಲಿಕ್ಕೆ ಬರ್ತದೇನು ಅಂತ. ಅಮೆರಿಕಾದ ಯಾದಿ ನಿಯಮದಾಗೂ 1000 ದಾಟಿದವರು 500ರ ಕೆಳಗ ಇಳಿಬೇಕು, ಆಮ್ಯಾಲೆ ಸರದಿ.

ನಂಬರ್ ಜಾತಕ ಅಲ್ಲ ಮತ್ತ. ಕ್ಯಾನ್ಸರ್ ಇದ್ದೂ ಎಎಫ್‌ಪಿ ಏರದವರು ಭಾಳ ಮಂದಿ, ಬರೇ ಲಿವರ್ ಬಾವಿಗೂ ಸ್ವಲ್ಪ ಏರ್ತದ. ಜೋಡಿಗೆ ಪಿವ್ಕಾ ಅನ್ನೋದೂ ನೋಡ್ತಾರ, ಅದು ರಕ್ತ ತೆಳು ಮಾಡೋ ವಾರ್ಫರಿನ್ ಗುಳಗಿಗೂ ಏರ್ತದ. ಆದ್ರಿಂದ ಒಂದೇ ಚೀಟಿ ಹಿಡಕೊಂಡು ಅಳಬ್ಯಾಡ್ರಿ, ಚಿಕಿತ್ಸಾಕ್ಕಿಂತ ಮೊದಲಿಂದು, ಆಮ್ಯಾಲಿಂದು ಎರಡೂ ಕೇಳ್ರಿ. ಕಸಿ ಆದ ಮ್ಯಾಲೂ ಮೊದಲ ಎರಡ್ಮೂರು ವರ್ಷ ತಪಾಸಣಿ ತಪ್ಪಿಸಬ್ಯಾಡ್ರಿ, ಮರುಕಳಿಸೋದು ಹೆಚ್ಚಾಗಿ ಆಗಲೇ. ಫೈಲ್ ಯಾರ ಕೈಯಾಗರ ಇರಲಿ, ಒಂದು ಝೆರಾಕ್ಸ್ ನಿಮ್ಮ ಟ್ರಂಕಿನಾಗ ಇಟಗೋರಿ.