ಬಾಕಿ ಆರ್ಡರಿನ ಬೆಲೆ ಎಷ್ಟು?

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯ ಕೈಯಲ್ಲಿ 2025ರ ಮಾರ್ಚ್ ಕೊನೆಗೆ ಸುಮಾರು 1,89,000 ಕೋಟಿ ರೂಪಾಯಿಯ ಬಾಕಿ ಆರ್ಡರುಗಳಿದ್ದವು. ಅಂಕಿ ಕೇಳಿ ಷೇರುಪೇಟೆಯ ಧಣಿಗಳು ಹಿಗ್ಗಿದರು. ಹಿಗ್ಗಲಿ. ಕೋಲಾರ, ಮಾಲೂರುಗಳಿಂದ ದಿನಬೆಳಗಾದರೆ ಬೆಂಗಳೂರಿಗೆ ದುಡಿಯಲು ಹೋಗುವ ಬಂಧುಗಳೂ, ಅವರ ಸಂಬಳ ನಂಬಿ ಸಾಲ ಕೊಡುವ ನಮ್ಮ ಅಂಗಡಿಯವರೂ ಈ ಅಂಕಿಯನ್ನು ತಾವೇ ಬಿಡಿಸಿ ನೋಡಬೇಕು.

ಶ್ರೀನಿವಾಸಪುರದ ಮಾವಿನ ವರ್ತಕರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಹೂ ಕಂಡು ತೋಟ ಹಿಡಿದವನು ಹೂವನ್ನೇ ಹಣ್ಣೆಂದು ಲೆಕ್ಕ ಬರೆಯುವುದಿಲ್ಲ. ಬಾಯಿಮಾತು ಬೇರೆ, ಮುಂಗಡ ಬೇರೆ, ಮಂಡಿಯಲ್ಲಿ ತೂಕವಾಗಿ ಕೈಸೇರಿದ ದುಡ್ಡು ಬೇರೆ. ದೆಹಲಿಯ ಮಂತ್ರಿಗಳಿಗೆ ಮಾತ್ರ ಈ ವ್ಯತ್ಯಾಸ ಮರೆತುಹೋಗುವುದುಂಟು. 2019ರ ಜನವರಿಯಲ್ಲಿ ಅಂದಿನ ರಕ್ಷಣಾ ಮಂತ್ರಿ ನಿರ್ಮಲಾ ಸೀತಾರಾಮನ್‌ರವರು ಈ ಸಂಸ್ಥೆಗೆ ಒಂದು ಲಕ್ಷ ಕೋಟಿಯ ಆರ್ಡರು ಸಿಗುತ್ತಿದೆಯೆಂದು ಲೋಕಸಭೆಯಲ್ಲಿ ಹೇಳಿದರು. ಪ್ರಶ್ನೆಗಳೆದ್ದ ಮೇಲೆ ವಿವರ ಬಂತು: 2014ರಿಂದ 2018ರವರೆಗೆ ಸಹಿಯಾದದ್ದು ಸುಮಾರು 26,570 ಕೋಟಿ, ಮಿಕ್ಕ 73,000 ಕೋಟಿ ಇನ್ನೂ ಮಾತುಕತೆಯ ಹಂತದಲ್ಲಿತ್ತು! ಅದೇ ಹೊತ್ತಿನಲ್ಲಿ, ವಾಯುಪಡೆಯಿಂದ ಬರಬೇಕಾದ ಹಣ ಬಾರದೆ, ಸಂಬಳ ಕೊಡಲು ಕಾರ್ಖಾನೆಯು ಬ್ಯಾಂಕಿನಲ್ಲಿ ಸುಮಾರು 1,000 ಕೋಟಿ ಸಾಲ ಎತ್ತಿತು.

ಸಹಿ ಬಿದ್ದರೂ ಕೆಲಸ ಮುಗಿಯಲಿಲ್ಲ. 83 ತೇಜಸ್ ವಿಮಾನಗಳ ಒಪ್ಪಂದವಾದದ್ದು 2021ರ ಫೆಬ್ರವರಿಯಲ್ಲಿ. 2024ರಲ್ಲಿ ವಿಮಾನಗಳು ಕೈಗೆ ಬರತೊಡಗಬೇಕಿತ್ತು. ಅಮೆರಿಕದ ಜಿ.ಇ. ಕಂಪನಿಗೆ ಹೇಳಿದ 99 ಎಂಜಿನುಗಳಲ್ಲಿ ಮೊದಲನೆಯದು ಬಂದದ್ದೇ 2025ರ ಮಾರ್ಚಿನಲ್ಲಿ. ವಿಮಾನ ಒಪ್ಪಿಸಿದ ಮೇಲೆ ಬರಬೇಕಾದ ಹಣ ಅಲ್ಲಿಯತನಕ ಪುಸ್ತಕದಲ್ಲೇ ಇರುತ್ತದೆ.

2025ರ ಸೆಪ್ಟೆಂಬರಿನಲ್ಲಿ ಇನ್ನೂ 97 ತೇಜಸ್‌ಗಳಿಗೆ 62,370 ಕೋಟಿಯ ಒಪ್ಪಂದವಾಯಿತು. 2027-28ರಿಂದ ಆರು ವರ್ಷ ಇವನ್ನು ಒಪ್ಪಿಸಬೇಕು. ವರ್ಷಕ್ಕೆ ಹಂಚಿದರೆ 10,400 ಕೋಟಿಗೆ ಇಳಿಯಿತು. ದೇಶೀ ಪಾಲು ನೂರಕ್ಕೆ 64ಕ್ಕಿಂತ ಹೆಚ್ಚೆಂದು ಸರ್ಕಾರ ಹೇಳಿದೆ. ಅಂದರೆ ಮೂರರಲ್ಲೊಂದು ಪಾಲು ನಮ್ಮ ಕೈ ಸೋಕದೆ ಹೊರದೇಶಕ್ಕೆ ಹೋದೀತು. ಉಳಿದದ್ದೂ ಸಣ್ಣದಲ್ಲ. 1940ರಲ್ಲಿ ಮೈಸೂರು ಸರ್ಕಾರದ ಹಣವೂ ಸೇರಿ ಹುಟ್ಟಿದ ಈ ಕಾರ್ಖಾನೆ ತುಂಬಾ ಕೆಲಸವಿದ್ದು ನಡೆಯುವುದು ನಮಗೆ ಸಂತೋಷವೇ.

ಈ ಒಪ್ಪಂದದಿಂದ ವರ್ಷಕ್ಕೆ 11,750 ಮಂದಿಗೆ ಪ್ರತ್ಯಕ್ಷವಾಗಿಯೋ ಪರೋಕ್ಷವಾಗಿಯೋ ಕೆಲಸವೆಂದು ಸರ್ಕಾರವೇ ಸಾರಿದೆ. ಅವರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಆರು ವರ್ಷದ ಆರ್ಡರು ಇಟ್ಟುಕೊಂಡು ಆರು ತಿಂಗಳ ಚೀಟಿ ಕೊಡುವುದು ಯಾವ ನ್ಯಾಯ? ಬಿಡಿಭಾಗ ಮಾಡುವ ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಸಲ್ಲಬೇಕೆಂದು 2006ರ ಕಾನೂನಿದೆ. ಅದು ತಡವಾದರೆ ಆ ಘಟಕದ ಹುಡುಗನ ಸಂಬಳ ತಡ. ಮುಳಬಾಗಿಲಿನ ಅಂಗಡಿಯಲ್ಲಿ ಅವನ ಮನೆಯ ಸಾಲವೂ ತೀರದು.

ಸಹಿಯಾದದ್ದೆಷ್ಟು, ಮುಂಗಡ ಬಂದದ್ದೆಷ್ಟು, ಒಪ್ಪಿಸಿದ್ದೆಷ್ಟು, ಸಣ್ಣ ಘಟಕಗಳಿಗೆ ಸಲ್ಲಬೇಕಾದದ್ದೆಷ್ಟು, ಈ ನಾಲ್ಕು ಲೆಕ್ಕವನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕಾರ್ಖಾನೆಯ ಬಾಗಿಲಲ್ಲಿ ಅಂಟಿಸಬೇಕೆಂದು ನಾವು ಕೇಳುತ್ತೇವೆ. ನಮ್ಮ ಜಿಲ್ಲೆಯ ಲೋಕಸಭಾ ಸದಸ್ಯರು ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆ ಎತ್ತಲಿ.