25 ಲಕ್ಷ ಕೊಟ್ಟು ಕಾಲೇಜಿನ ಹೆಸರು ಬದಲಾಯಿಸಿಕೊಳ್ಳೋದು

ಮೂರು ವಾರದಿಂದ ಇದನ್ನ ಬರೀಬೇಕು ಅಂತಿದ್ದೆ. ಆಫೀಸಲ್ಲಿ ರಿಲೀಸ್ ಇತ್ತು, ಆಮೇಲೆ ಸೋಮಾರಿತನ, ಆಮೇಲೆ ಮತ್ತೊಂದು ರಿಲೀಸ್. ಇವತ್ತು ಕೂತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಖಾರನೂ ಇರುತ್ತೆ. ಎಂಬಿಎ ಮಾಡಿದೋರು, ಮಾಡ್ತಾ ಇರೋರು, ಕ್ಯಾಟ್ ಪುಸ್ತಕ ತಂದು ಅದಕ್ಕೆ ಧೂಳು ಹಿಡಿಸಿರೋರು ಎಲ್ಲರೂ ಒಂದು ಸಲ ಕ್ಷಮಿಸಿ ಮುಂದೆ ಓದಿ.

ನಮ್ಮ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತ ಐದು ಜನ ಎಂಜಿನಿಯರುಗಳಲ್ಲಿ ಇಬ್ಬರಾದರೂ "ಕೋಡಿಂಗ್ ಸಾಕಾಯ್ತು ಗುರೂ, ಐಐಎಂಗೆ ಹೋಗಿ ಕನ್ಸಲ್ಟಿಂಗಿಗೆ ಹೋಗ್ಬಿಡಣ" ಅಂತಾರೆ. ಕನ್ಸಲ್ಟಿಂಗ್ ಅಂದ್ರೆ ಮೆಕಿನ್ಸಿ, ಬಿಸಿಜಿ, ಬೇನ್. ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ. (ನಮ್ಮಲ್ಲಿ ಎಷ್ಟೋ ಜನರ ಐಡಿ ಕಾರ್ಡಿನಲ್ಲಿ ಈಗಲೇ 'ಕನ್ಸಲ್ಟೆಂಟ್' ಅಂತ ಇದೆ, ಅದು ಬೇರೆ ಮಾತು. ಅದನ್ನ ತೋರಿಸಿದ್ರೆ ನಗ್ತಾರೆ.) 2024ರಲ್ಲಿ ಕ್ಯಾಟ್ ಬರೆದವರು ಸುಮಾರು 2.93 ಲಕ್ಷ ಜನ. ಅದರಲ್ಲಿ 100 ಪರ್ಸೆಂಟೈಲ್ ಬಂದ 14 ಮಂದಿಯಲ್ಲಿ 13 ಎಂಜಿನಿಯರುಗಳು. ಅಂದ್ರೆ ಈ ರೋಗ ನಮ್ಮ ಜಾತಿಗೇ ಅಂಟಿದ್ದು.

ನನ್ನ ತಕರಾರು ಎಂಬಿಎ ಬಗ್ಗೆ ಅಲ್ಲ, ಕನ್ಸಲ್ಟಿಂಗ್ ಬಗ್ಗೆಯೂ ಪೂರ್ತಿ ಅಲ್ಲ. ಎಂಬಿಎಯಲ್ಲಿ ಏನೋ ಕಲಿತು, ಆ ಕಲಿಕೆಯ ಬಲದಿಂದ ಕನ್ಸಲ್ಟೆಂಟ್ ಆಗ್ತಾರೆ ಅನ್ನೋ ಕಥೆ ಇದೆಯಲ್ಲ, ಅದರ ಬಗ್ಗೆ. ಅಲ್ಲಿ ಮಾರಾಟ ಆಗೋದು ಕಲಿಕೆ ಅಲ್ಲ ಸ್ವಾಮಿ, ಗೇಟ್ ಪಾಸು. ಅದನ್ನ ಗೇಟ್ ಪಾಸು ಅಂತಲೇ ಹೇಳಿ ಮಾರಿದ್ರೆ ನಂದೇನೂ ಇಲ್ಲ. ಸರಸ್ವತಿ ಪೂಜೆ ಥರ ಮಾಡಿ ಮಾರ್ತಾರಲ್ಲ, ಅದಕ್ಕೆ ಮೈ ಉರಿಯೋದು.

ಹೇಗೆ ಅಂತ ಕೇಳಿ. ಇದೇ ಮೂರು ಕಂಪನಿಗಳು ಐಐಟಿಯಿಂದ ಆಗಷ್ಟೇ ಬಿಟೆಕ್ ಮುಗಿಸಿದ 22 ವರ್ಷದ ಹುಡುಗರನ್ನ ನೇರವಾಗಿ ತಗೊಳ್ತವೆ. ದೆಹಲಿಯ ಶ್ರೀರಾಮ್ ಕಾಮರ್ಸ್ ಕಾಲೇಜಿನಿಂದ ಬಿಕಾಂ ಮಾಡಿದವರನ್ನೂ ತಗೊಳ್ತವೆ. ಆ ಹುಡುಗರಿಗೆ ಎಂಬಿಎ ಇಲ್ಲ, ಕೆಲಸದ ಅನುಭವವೂ ಇಲ್ಲ. ಆದ್ರೂ ಅದೇ ಕ್ಲೈಂಟ್ ಆಫೀಸಿನಲ್ಲಿ, ಅದೇ ಎಕ್ಸೆಲ್ ಇಟ್ಕೊಂಡು, ಎಂಬಿಎ ಮಾಡಿದವರ ಪಕ್ಕದ ಕುರ್ಚಿಯಲ್ಲೇ ಕೂರ್ತಾರೆ. ಸಂಬಳ, ಹುದ್ದೆ ಒಂದು ಮೆಟ್ಟಿಲು ಕೆಳಗೆ ಇರಬಹುದು. ಆದ್ರೆ ಆ ಕೆಲಸ ಮಾಡೋಕೆ ಎಂಬಿಎಯ ವಿದ್ಯೆ ಬೇಕೇ ಬೇಕು ಅಂತಿದ್ರೆ ಇವರನ್ನ ಒಳಗೇ ಬಿಡ್ತಿರಲಿಲ್ಲ ಅಲ್ವಾ? ಬೇಕಾಗಿರೋದು ಕಾಲೇಜಿನ ಹೆಸರು. ಅವರ ಹತ್ರ ಅದು 22ಕ್ಕೇ ಇದೆ. ವಿಟಿಯು ಅಡಿಯ ಯಾವುದೋ ಕಾಲೇಜಿನಲ್ಲಿ ಓದಿದ ನಮ್ಮ ಹತ್ರ ಇಲ್ಲ. ಆ ಹೆಸರನ್ನ ಮುಚ್ಚೋಕೆ ಇನ್ನೊಂದು ಹೆಸರು ಕೊಂಡ್ಕೋಬೇಕು. ಬೆಲೆ 25 ಲಕ್ಷದ ಆಸುಪಾಸು.

ಇನ್ನೊಂದು ವಿಷಯ. ಐಐಎಂಗೆ ಸೇರೋದು ಜೂನ್ ಹೊತ್ತಿಗೆ. ಸಮ್ಮರ್ ಇಂಟರ್ನ್‌ಶಿಪ್ಪಿಗೆ ಕಂಪನಿಗಳು ಬರೋದು ಅಕ್ಟೋಬರ್-ನವೆಂಬರ್ ಹೊತ್ತಿಗೆ. ಕನ್ಸಲ್ಟಿಂಗಿಗೆ ಹೋಗೋರಲ್ಲಿ ದೊಡ್ಡ ಪಾಲು ಆ ಸಮ್ಮರ್ ಮೂಲಕವೇ ಒಳಗೆ ಹೋಗ್ತಾರೆ, ಎರಡು ತಿಂಗಳು ಚೆನ್ನಾಗಿ ಕೆಲಸ ಮಾಡಿದ್ರೆ ಅಲ್ಲೇ ಆಫರ್. ಲೆಕ್ಕ ಹಾಕಿ ನೋಡಿ. ನಿಮ್ಮ ರೆಸ್ಯೂಮೆ ಕಂಪನಿಯ ಕೈ ಸೇರೋ ಹೊತ್ತಿಗೆ ಸಂಸ್ಥೆ ನಿಮಗೆ ಕಲಿಸಿರೋದು ಒಂದು ಟರ್ಮಿನ ಪಾಠ. ಹಾಗಾದ್ರೆ ಅವರು ಏನು ನೋಡಿ ಆರಿಸ್ತಾರೆ? ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಅಂಕಗಳು, ನೀವು ಮೊದಲು ಎಲ್ಲಿದ್ರಿ ಅನ್ನೋದು. ಎಲ್ಲವೂ ಎಂಬಿಎಗೆ ಮುಂಚಿನದ್ದು. ಎರಡನೇ ವರ್ಷ ಪೂರ್ತಿ ಯಾಕೆ ಅಂತ ಒಬ್ಬ ಸೀನಿಯರ್ ಹತ್ರ ಕೇಳಿದ್ದೆ. "ರೆಸ್ಟ್ ತಗೊಳಕ್ಕೆ" ಅಂದ. ತಮಾಷೆಗೇ ಹೇಳಿದ್ದು, ಆದ್ರೆ ಫೀಸು ಮಾತ್ರ ತಮಾಷೆಗೆ ಕಟ್ಟಿದ್ದಲ್ಲ.

ಮತ್ತೆ ಆ ಪ್ರಸಿದ್ಧ ಕೇಸ್ ಇಂಟರ್ವ್ಯೂ. ಬೆಂಗಳೂರಲ್ಲಿ ಎಷ್ಟು ಪೆಟ್ರೋಲ್ ಬಂಕ್ ಇವೆ ಅಂದಾಜು ಮಾಡು, ಸಿಮೆಂಟ್ ಕಂಪನಿಯ ಲಾಭ ಯಾಕೆ ಇಳೀತು ಹೇಳು. ಲಾಭವನ್ನ ಆದಾಯ, ಖರ್ಚು ಅಂತ ಒಡೀಬೇಕು. ಆದಾಯವನ್ನ ಬೆಲೆ, ಪ್ರಮಾಣ ಅಂತ ಒಡೀಬೇಕು. ಖರ್ಚನ್ನ ಸ್ಥಿರ, ಬದಲಾಗೋದು ಅಂತ ಒಡೀಬೇಕು. ಬೈನರಿ ಟ್ರೀ ಬರೆದವರಿಗೆ ಇದು ಒಂದು ಭಾನುವಾರದ ಕೆಲಸ. ಇದನ್ನ ಯಾವ ಪ್ರೊಫೆಸರೂ ಕ್ಲಾಸಿನಲ್ಲಿ ಹೇಳಿಕೊಡಲ್ಲ. ರಾತ್ರಿ ಹಾಸ್ಟೆಲ್ ರೂಮಲ್ಲಿ ಸೀನಿಯರ್ ಕೊಟ್ಟ ಪಿಡಿಎಫ್ ಇಟ್ಕೊಂಡು ಇಬ್ಬಿಬ್ಬರು ಒಬ್ಬರನ್ನೊಬ್ಬರು ಕೊರೀತಾ ಕಲಿಯೋದು. ಅದೇ ಪಿಡಿಎಫ್ ಓದ್ಕೊಂಡು ನೀವು ಬನಶಂಕರಿಯ ಪಿಜಿಯಲ್ಲಿ ಕಲಿತ್ರೂ ಅಷ್ಟೇ ಬರುತ್ತೆ. ಆದ್ರೆ ಪಿಜಿಗೆ ಬಂದು ಯಾರೂ ಇಂಟರ್ವ್ಯೂ ಮಾಡಲ್ಲ. ಅದೇ ನಾನು ಹೇಳ್ತಿರೋದು.

ತಮಾಷೆ ಅಂದ್ರೆ ಈ ಕಂಪನಿಗಳನ್ನ ಕಟ್ಟಿದವರ ಕಥೆ. 1926ರಲ್ಲಿ ಮೆಕಿನ್ಸಿ ಶುರು ಮಾಡಿದ ಜೇಮ್ಸ್ ಮೆಕಿನ್ಸಿ ಷಿಕಾಗೋ ವಿಶ್ವವಿದ್ಯಾಲಯದ ಅಕೌಂಟಿಂಗ್ ಮೇಷ್ಟ್ರು. 1963ರಲ್ಲಿ ಬಿಸಿಜಿ ಕಟ್ಟಿದ ಬ್ರೂಸ್ ಹೆಂಡರ್ಸನ್ ನಮ್ಮ ಹಾಗೇ ಎಂಜಿನಿಯರಿಂಗ್ ಓದಿದವನು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಸೇರಿ, ಡಿಗ್ರಿ ಸಿಗೋಕೆ ಮೂರು ತಿಂಗಳಿರೋವಾಗ ಬಿಟ್ಟು ವೆಸ್ಟಿಂಗ್‌ಹೌಸ್ ಕಂಪನಿಯ ಕೆಲಸಕ್ಕೆ ಹೋದವನು. 1973ರಲ್ಲಿ ಬೇನ್ ಕಟ್ಟಿದ ಬಿಲ್ ಬೇನ್ ಓದಿದ್ದು ಇತಿಹಾಸ. ಎಂಬಿಎ ಮಾಡಲೇ ಇಲ್ಲ, ವಿಶ್ವವಿದ್ಯಾಲಯಕ್ಕೆ ಚಂದಾ ಎತ್ತೋ ಕೆಲಸದಲ್ಲಿದ್ದ. ಈ ಕೊನೇ ಇಬ್ಬರೂ ಇವತ್ತು ಹುಟ್ಟಿ ಬಂದು ಇಲ್ಲಿಂದ ಅಪ್ಲಿಕೇಶನ್ ಹಾಕಿದ್ರೆ ಅವರ ರೆಸ್ಯೂಮೆ ಮೊದಲನೇ ಜರಡಿಯಲ್ಲೇ ಉದುರಿಹೋಗುತ್ತೆ ಅಂತ ನನ್ನ ಗುಮಾನಿ.

ಇಷ್ಟೆಲ್ಲ ಈಗ ಯಾಕೆ ಅಂದ್ರೆ, ನನ್ನ ಚಿಕ್ಕಪ್ಪನ ಮಗ. ಸಾಗರದ ಹತ್ರದ ಹಳ್ಳಿ, ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಆಮೇಲೆ ಎಂಜಿನಿಯರಿಂಗ್. ಈಗ ಬೆಂಗಳೂರಲ್ಲಿ ನಾಲ್ಕು ವರ್ಷದಿಂದ ಬ್ಯಾಂಕುಗಳ ಪೇಮೆಂಟ್ ಸಿಸ್ಟಂ ಮೇಲೆ ಕೆಲಸ. ಫೋನ್ ಮಾಡಿದ್ದ.

"ಅಣ್ಣಾ, ಕನ್ಸಲ್ಟಿಂಗಿಗೆ ಹೋಗ್ಬೇಕು ಅಂತಿದೀನಿ. ಎಂಬಿಎ ಮಾಡ್ತೀನಿ."

"ಯಾಕೋ?"

"ನಂಗೆ ಪ್ರಾಬ್ಲಂ ಸಾಲ್ವಿಂಗ್ ಇಷ್ಟ."

"ಮೊನ್ನೆ ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿತ್ತು ಅಂತ ಎದ್ದು ಕೂತಿದ್ಯಲ್ಲ, ಆಗ ಮಾಡಿದ್ದೇನೋ ಮಾರಾಯ, ಭಜನೆನಾ?"

ಆ ಕಡೆಯಿಂದ ನಗು. ಆದ್ರೆ ನಿರ್ಧಾರ ಗಟ್ಟಿ. ಸಮಸ್ಯೆ ಏನಂದ್ರೆ ಅವನ ಎಸ್ಸೆಸ್ಸೆಲ್ಸಿ ಅಂಕ ಸಾಧಾರಣ. ಐಐಎಂ ಬೆಂಗಳೂರು ಹತ್ತನೇ ಕ್ಲಾಸಿನ ಅಂಕವನ್ನ, ಹನ್ನೆರಡನೇ ಕ್ಲಾಸಿನ ಅಂಕವನ್ನ ಆಯ್ಕೆಯ ಲೆಕ್ಕಕ್ಕೆ ಹಿಡಿಯುತ್ತೆ. ಬೇರೆ ಬೇರೆ ಬೋರ್ಡುಗಳ ಅಂಕ ಸರಿದೂಗಿಸ್ತಾರೆ, ನಿಜ. ಆದ್ರೂ 15ನೇ ವಯಸ್ಸಲ್ಲಿ, ಮಲೇರಿಯಾನೋ ಮನೆಯ ಜಗಳನೋ ಏನೋ ಒಂದು ಇಟ್ಕೊಂಡು ಬರೆದ ಸಮಾಜ ವಿಜ್ಞಾನದ ಪೇಪರು 27ರಲ್ಲಿ ಬಾಗಿಲಲ್ಲಿ ಬಂದು ನಿಲ್ಲುತ್ತೆ. ನಡುವಿನ 12 ವರ್ಷ ನೀವು ಎಷ್ಟೇ ಬದಲಾಗಿರಿ, ಆ ಪೇಪರನ್ನ ಮತ್ತೆ ಬರೆಯೋ ಹಾಗಿಲ್ಲ.

ಅದಕ್ಕೆ ಅವನು ಎರಡನೇ ಸಾಲು, ಮೂರನೇ ಸಾಲಿನ ಕಾಲೇಜುಗಳ ಪಟ್ಟಿ ಮಾಡಿಕೊಂಡಿದ್ದ. ಅಸಲಿ ಅಪಾಯ ಇರೋದು ಇಲ್ಲಿ. ಮೊದಲ ಸಾಲಿನ ಸಂಸ್ಥೆಗಳಿಗೆ ಬ್ಯಾಂಕುಗಳು ಒತ್ತೆ ಕೇಳದೆ ಸಾಲ ಕೊಡ್ತವೆ. ಉಳಿದವಕ್ಕೆ ಸಾಮಾನ್ಯವಾಗಿ 7.5 ಲಕ್ಷ ದಾಟಿದ್ರೆ ಆಸ್ತಿ ಒತ್ತೆ. ಅಂದ್ರೆ ಚಿಕ್ಕಪ್ಪನ ಮನೆ ಪತ್ರ. ಆ ಕಾಲೇಜುಗಳಿಗೆ ಈ ಮೂರು ಕಂಪನಿಗಳು ಬರೋದೇ ಅಪರೂಪ. ಅಲ್ಲಿನ ಬ್ರೋಷರಿನಲ್ಲಿ 'ಕನ್ಸಲ್ಟಿಂಗ್' ಅಂತ ದೊಡ್ಡ ಅಕ್ಷರದಲ್ಲಿ ಹಾಕಿರ್ತಾರೆ. ಒಳಗೆ ನೋಡಿದ್ರೆ ಎಷ್ಟೋ ಸಲ ಅದು ಎಸ್‌ಎಪಿ ಕೂರಿಸೋ ಕೆಲಸ. ಅಂದ್ರೆ ನಾವು ಈಗ ಮಾಡ್ತಾ ಇರೋದೇ, ಟೈ ಕಟ್ಕೊಂಡು!

ಲೆಕ್ಕ ಒಂದು ಸಲ ಮಾಡೋಣ, ಎಂಜಿನಿಯರುಗಳಲ್ವಾ ನಾವು. 25 ಲಕ್ಷ ಸಾಲ, ಶೇ. 9 ಬಡ್ಡಿ, 10 ವರ್ಷ ಅಂತಿಟ್ಕೊಳ್ಳಿ. ತಿಂಗಳಿಗೆ ಸುಮಾರು 31,700 ರೂಪಾಯಿ ಕಂತು. ಓದೋ ಎರಡು ವರ್ಷದ ಬಡ್ಡಿ ಇದರಲ್ಲಿ ಸೇರಿಲ್ಲ. ವರ್ಷಕ್ಕೆ 12 ಲಕ್ಷ ದುಡೀತಿದ್ರೆ ಎರಡು ವರ್ಷದ 24 ಲಕ್ಷ ಖೋತಾ. ಒಟ್ಟು 50 ಲಕ್ಷದ ಹತ್ತಿರ. ಕನ್ಸಲ್ಟಿಂಗ್ ಸಿಕ್ಕಿದವನಿಗೆ ಇದು ಮೂರ್ನಾಲ್ಕು ವರ್ಷದಲ್ಲಿ ತೀರುತ್ತೆ, ಒಪ್ಪಿದೆ. ಸಿಗದವನಿಗೆ? ಅವನ ಫೋಟೋ ಬ್ರೋಷರಿನಲ್ಲಿ ಬರಲ್ಲ.

ಗೇಟ್ ಪಾಸು ಇದ್ದ ಮಾತ್ರಕ್ಕೆ ಗೇಟು ತೆರೆದಿರುತ್ತೆ ಅಂತಲೂ ಇಲ್ಲ. 2023ರಲ್ಲಿ ಮೆಕಿನ್ಸಿ ಸುಮಾರು 1,400 ಜನರನ್ನ ಕೆಲಸದಿಂದ ತೆಗೀತು. ಅದೇ ವರ್ಷ ಅಮೆರಿಕದಲ್ಲಿ ಎಂಬಿಎ ಮುಗಿಸಿ ಆಫರ್ ಹಿಡಿದು ಕೂತವರಿಗೆ ಕನ್ಸಲ್ಟಿಂಗ್ ಕಂಪನಿಗಳು "ಈಗ ಬೇಡ, 2024ಕ್ಕೆ ಬನ್ನಿ" ಅಂದ್ವು. 2024ರಲ್ಲಿ ಹಾರ್ವರ್ಡಿನಲ್ಲಿ ಎಂಬಿಎ ಮುಗಿಸಿ ಕೆಲಸ ಹುಡುಕ್ತಿದ್ದವರಲ್ಲಿ ಶೇ. 23 ಜನಕ್ಕೆ ಮೂರು ತಿಂಗಳಾದ್ರೂ ಕೆಲಸ ಇರಲಿಲ್ಲ. ಹಾರ್ವರ್ಡ್ ಸ್ವಾಮಿ! ಮೆಕಿನ್ಸಿ 2023ರಲ್ಲೇ 'ಲಿಲ್ಲಿ' ಅನ್ನೋ ತನ್ನದೇ ಎಐ ಇಟ್ಕೊಂಡಿದೆ. ಹಳೇ ರಿಪೋರ್ಟು ಹುಡುಕಿ ಸಾರಾಂಶ ತೆಗೆಯೋ ಕೆಲಸ, ಅಂದ್ರೆ ಹೊಸದಾಗಿ ಸೇರಿದವರು ರಾತ್ರಿ ಕೂತು ಮಾಡ್ತಿದ್ದ ಕೆಲಸ, ಈಗ ಅದರ ಪಾಲಿಗೂ ಹೋಗಿದೆ.

"ಆದ್ರೆ ನೆಟ್‌ವರ್ಕ್ ಸಿಗುತ್ತಲ್ಲ" ಅಂತೀರಿ. ಸಿಗುತ್ತೆ, ಹೌದು. ಅದೂ ಗೇಟ್ ಪಾಸೇ, ಬೇರೆ ಹೆಸರು. "ಬಿಸಿನೆಸ್ ಅರ್ಥ ಆಗುತ್ತೆ" ಅಂತೀರಿ. ಬ್ಯಾಲೆನ್ಸ್ ಶೀಟ್ ಓದೋದು ಕಲಿಯೋಕೆ ಎನ್‌ಪಿಟಿಇಎಲ್ ಪಾಠ ಇದೆ, ದುಡ್ಡಿಲ್ಲದೆ. ನಿಮ್ಮ ಕ್ಲೈಂಟಿನ ವಾರ್ಷಿಕ ವರದಿಯನ್ನ ನಿಮ್ಮ ಟೀಮಿನಲ್ಲಿ ಎಷ್ಟು ಜನ ಒಮ್ಮೆಯಾದ್ರೂ ತೆರೆದು ನೋಡಿದಾರೆ ಕೇಳಿ ನೋಡಿ. ಅದನ್ನೇ ಮಾಡದವರಿಗೆ ಬಿಸಿನೆಸ್ ಬಗ್ಗೆ ಇದ್ದಕ್ಕಿದ್ದಂಗೆ ಅಷ್ಟು ಪ್ರೀತಿ ಎಲ್ಲಿಂದ ಬಂತು ಅಂತ ನಂಗೆ ಅನುಮಾನ.

ಕನ್ಸಲ್ಟೆಂಟುಗಳು ನಮ್ಮ ಆಫೀಸಿಗೂ ಒಮ್ಮೆ ಬಂದಿದ್ರು. ಯಾವ ಕಂಪನಿ ಅಂತ ಬೇಡ ಬಿಡಿ. ಮೂರು ಜನ, ಒಳ್ಳೇ ಹುಡುಗರು, ಚೆನ್ನಾಗಿ ಕೇಳಿಸ್ಕೊಳ್ತಿದ್ರು. ನಾವು ಎರಡು ವರ್ಷದಿಂದ ಮ್ಯಾನೇಜರ್ ಹತ್ರ ಬಡ್ಕೊಳ್ತಾ ಇದ್ದ ವಿಷಯಗಳನ್ನೇ ಬರ್ಕೊಂಡ್ರು. ಆರು ವಾರ ಆದಮೇಲೆ ಅವೇ ಮಾತು ನಾಲ್ಕನೇ ಸ್ಲೈಡಿನಲ್ಲಿ ಬಣ್ಣ ಬಳ್ಕೊಂಡು ಬಂದ್ವು, ಮೇಲಿನವರು ತಲೆದೂಗಿದ್ರು. ಹನ್ನೊಂದನೇ ಸ್ಲೈಡಿನಲ್ಲಿ ನಮ್ಮ ಟೆಸ್ಟಿಂಗ್ ಟೀಮನ್ನ ಅರ್ಧ ಮಾಡಿ ಅಂತ ಇತ್ತು. ಅರ್ಧ ಮಾಡಿದ್ರು. ಮುಂದಿನ ರಿಲೀಸಿನಲ್ಲಿ ಬಗ್ಗುಗಳು ಮಳೆಗಾಲದ ಜಿಗಣೆ ಥರ ಬಂದಾಗ ಆ ಮೂವರೂ ಬೇರೆ ಊರಲ್ಲಿ ಬೇರೆ ಕ್ಲೈಂಟ್ ಹತ್ರ ಇದ್ರು. ಅವರ ತಪ್ಪು ಅಂತಲ್ಲ. ಆ ಕೆಲಸ ಇರೋದೇ ಹಾಗೆ.

ಹಾಗೇ ಇರಬೇಕು ಅಂತೇನೂ ಇಲ್ಲ ಮತ್ತೆ. 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ರು. ನಿಜಾಮರ ಸರ್ಕಾರ ಸಲಹೆಗೆ ಅಂತ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನ. ಹೋದ ಹುದ್ದೆಯ ಹೆಸರೇ ಕನ್ಸಲ್ಟಿಂಗ್ ಎಂಜಿನಿಯರ್. 1909ರಲ್ಲಿ ಅಲ್ಲಿದ್ದು, ಮಳೆ ಎಷ್ಟು ಬಿತ್ತು, ನೀರು ಎಲ್ಲಿಂದ ಬಂತು ಅಂತ ಅಳೆದು, ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯ ಕಟ್ಟಿ ಅಂದ್ರು. ಉಸ್ಮಾನ್ ಸಾಗರ 1920ರಲ್ಲಿ, ಹಿಮಾಯತ್ ಸಾಗರ 1927ರಲ್ಲಿ ಮುಗೀತು. ಅವರು ಸಲಹೆ ಕೊಡೋಕೆ ಅರ್ಹರಾಗಿದ್ದು ಯಾಕೆ? ಅದಕ್ಕೆ ಮುಂಚೆ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ 20 ವರ್ಷಕ್ಕೂ ಹೆಚ್ಚು ಕಾಲ ನೀರಿನ ಕೆಲಸ ಮಾಡಿದ್ರು. ಖಡಕ್‌ವಾಸ್ಲಾದಲ್ಲಿ ಸ್ವಯಂಚಾಲಿತ ಗೇಟು ಕೂರಿಸಿದ್ರು. ಮೊದಲು ಕಸುಬು, ಆಮೇಲೆ ಸಲಹೆ. ಪ್ರತಿ ಸೆಪ್ಟೆಂಬರ್ 15ಕ್ಕೆ ಅವರ ಫೋಟೋ ಫಾರ್ವರ್ಡ್ ಮಾಡೋ ನಾವು ಮಾಡೋದು ತದ್ವಿರುದ್ಧ. ಕೈಯಲ್ಲಿರೋ ಕಸುಬು ಬಿಸಾಕಿ, ಸೊನ್ನೆಯಿಂದ ಶುರು ಮಾಡಿ, ಸಲಹೆ ಕೊಡೋಕೆ ಹೋಗೋದು.

ಚಿಕ್ಕಪ್ಪನ ಮಗನಿಗೂ ಇದನ್ನೇ ಹೇಳಿದೆ. ಪೇಮೆಂಟ್ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ, ಬ್ಯಾಂಕಿಗೆ ಅದರಿಂದ ಎಷ್ಟು ನಷ್ಟ ಅಂತ ಅವನಿಗೆ ಗೊತ್ತು. ಐಐಎಂನಲ್ಲಿ ಕೂತ 22 ವರ್ಷದ ಫ್ರೆಷರಿಗೆ ಗೊತ್ತಿಲ್ಲ. ಮೆಕಿನ್ಸಿ 2015ರಲ್ಲಿ ಕೊಂಡ ಕ್ವಾಂಟಂಬ್ಲ್ಯಾಕ್, ಬಿಸಿಜಿ 2022ರಲ್ಲಿ ಶುರು ಮಾಡಿದ ಬಿಸಿಜಿ ಎಕ್ಸ್, ಇವು ಎಂಜಿನಿಯರುಗಳನ್ನ ಎಂಜಿನಿಯರುಗಳು ಅಂತಲೇ ತಗೊಳ್ತವೆ, ಎಂಬಿಎ ಕೇಳದೆ. ಪಾರ್ಟ್ನರುಗಳ ಪಂಕ್ತಿಯಲ್ಲಿ ಅವರಿಗೆ ಎರಡನೇ ಎಲೆ ಅಂತ ಒಳಗಿದ್ದವರು ಹೇಳೋದೂ ಕೇಳಿದೀನಿ. ಇರಬಹುದು. ಎರಡನೇ ಎಲೆಗೆ ಮನೆ ಪತ್ರ ಕೊಡಬೇಕಿಲ್ಲವಲ್ಲ! ಮೊದಲ ಸಾಲಿನ ಮೂರ್ನಾಲ್ಕು ಸಂಸ್ಥೆಯಲ್ಲಿ ಸೀಟು ಸಿಕ್ಕಿದ್ರೆ ಹೋಗು, ಗೇಟ್ ಪಾಸು ಕೊಳ್ತಿದೀನಿ ಅಂತ ಗೊತ್ತಿಟ್ಕೊಂಡು ಹೋಗು. ಅದಕ್ಕಿಂತ ಕೆಳಗಿನ ಪಟ್ಟಿಗೆ ಚಿಕ್ಕಪ್ಪನ ಹತ್ರ ಸಹಿ ಹಾಕಿಸೋಕೆ ನನ್ನ ಕರೀಬೇಡ ಅಂದೆ. "ನೋಡ್ತೀನಣ್ಣ" ಅಂದ. ನವೆಂಬರಿನ ಕ್ಯಾಟಿಗೆ ಕಟ್ಟಿದಾನೆ.

ಈ ದಾರಿಯಲ್ಲಿ ಹೋಗಿ ಬಂದವರು ನಿಮ್ಮಲ್ಲಿ ಯಾರಾದ್ರೂ ಇದ್ರೆ ದಯವಿಟ್ಟು ಬರೀರಿ. ಬೈದ್ರೂ ಪರವಾಗಿಲ್ಲ. 'ಜರ್ನಿ', 'ಗ್ರೋತ್' ಅನ್ನೋ ಲಿಂಕ್ಡ್‌ಇನ್ ಭಾಷೆ ಬೇಡ ಅಷ್ಟೇ. ಸಾಲ ಎಷ್ಟು, ಕಂತು ಎಷ್ಟು, ನಿಮ್ಮ ಸೆಕ್ಷನ್ನಿನಲ್ಲಿ ಎಷ್ಟು ಜನ ಕನ್ಸಲ್ಟಿಂಗ್ ಅಂತ ಬಂದಿದ್ರು, ಎಷ್ಟು ಜನಕ್ಕೆ ಸಿಕ್ತು, ಮೂರು ವರ್ಷ ಆದಮೇಲೆ ಎಷ್ಟು ಜನ ಅಲ್ಲೇ ಇದ್ದಾರೆ. ಇಷ್ಟು ಅಂಕಿ ಕೊಡಿ ಸಾಕು, ಅವನಿಗೆ ಹಾಗೇ ಕಳಿಸ್ತೀನಿ.