ಸಳಿ ಮೇಲಿರಲಿ, ಸಾಹೇಬ್ರೇ
ಹಾವೇರಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ



ತಿಳವಳ್ಳಿಯಲ್ಲಿ ಈಗ ಮಾಳಿಗೆ ಏರಿಸುವವರೆಲ್ಲ ಓಣಿಯ ಕಡೆಗೆ ಮೂರಡಿ ಗ್ಯಾಲರಿ ಚಾಚುತ್ತಾರೆ. ನಾನೂ ಚಾಚಿಸಿದೆ. ಸ್ಲ್ಯಾಬ್ ಹಾಕುವ ದಿನ ಚಹಾ ತರಲು ಹೋಗಿ ಬರುವಷ್ಟರಲ್ಲಿ ಅರ್ಧ ಗ್ಯಾಲರಿಗೆ ಕಾಂಕ್ರೀಟು ಬಿದ್ದಿತ್ತು. ಉಳಿದರ್ಧದಲ್ಲಿ ಬುಟ್ಟಿ ಹೊತ್ತವರು ಕಬ್ಬಿಣದ ಸಳಿ ತುಳಿದುಕೊಂಡೇ ಓಡಾಡುತ್ತಿದ್ದರು. ಬೆಳಿಗ್ಗೆ ಮೇಲಿದ್ದ ಸಳಿ ಸೆಂಟ್ರಿಂಗ್ ಹಲಗೆಗೆ ಅಂಟಿಕೊಂಡಿತ್ತು. ಕೇಳಿದರೆ ಗೌಂಡಿ ನಕ್ಕ: “ಮ್ಯಾಲಿದ್ರೇನು, ಕೆಳಗಿದ್ರೇನ್ರೀ? ಸಳಿ ಸಳೀನ ಅಲ್ಲೇನ್ರೀ?”

ಅಲ್ಲ. ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಕಟ್ಟೆಯ ಮೇಲೆ ಅದುಮಿ ಹಿಡಿದು, ಹೊರಚಾಚಿದ ತುದಿಯನ್ನು ಕೆಳಕ್ಕೊತ್ತಿ ನೋಡಿ. ಸೀಳು ಬಾಯಿ ಬಿಡುವುದು ಮೇಲ್ಮೈಯಲ್ಲಿ, ಕಟ್ಟೆಯ ಅಂಚಿನಲ್ಲೇ. ಕೋಣೆಯ ಸ್ಲ್ಯಾಬ್ ನಡುವೆ ಬಾಗುತ್ತದೆ, ಅಲ್ಲಿ ಸಳಿ ಕೆಳಗಿರಬೇಕು. ಗ್ಯಾಲರಿಯ ಎಳೆತ ಮೇಲ್ಗಡೆ. ಎಳೆತ ತಾಳುವುದು ಕಬ್ಬಿಣವೇ ಹೊರತು ಕಾಂಕ್ರೀಟಲ್ಲ. ಐದಿಂಚಿನ ಸ್ಲ್ಯಾಬಿನಲ್ಲಿ ಸಳಿ ಎರಡಿಂಚು ಕೆಳಗಿಳಿದರೆ ಅರ್ಧದಷ್ಟು ಬಲ ಹೋಯಿತೆಂದೇ ಲೆಕ್ಕ. ಸಿಮೆಂಟು ಎಷ್ಟು ಚೀಲ ಸುರಿದರೂ ಅದು ಮರಳಿ ಬರುವುದಿಲ್ಲ.

ಸಳಿ ಮೇಲೆ ನಿಲ್ಲಲು ತುಂಡು ಕಬ್ಬಿಣ ಬಗ್ಗಿಸಿ ಮಾಡಿದ ಕುರ್ಚಿ ಸಾಕು, ಓಡಾಡಲು ಒಂದು ಹಲಗೆ ಸಾಕು. ಹೊರಗೆ ಮೂರಡಿ ಚಾಚಿದರೆ ಅದೇ ಸಳಿ ಒಳಗಿನ ಸ್ಲ್ಯಾಬಿನಲ್ಲಿ ನಾಲ್ಕೂವರೆ ಅಡಿಯಾದರೂ ಹೋಗಬೇಕು. ಆಸರೆ ಬಿಚ್ಚುವಾಗ ತುದಿಯಿಂದ ಗೋಡೆಯತ್ತ ಬರಬೇಕು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು 19 ಜನ ಸತ್ತರು. ಅದು ಗ್ಯಾಲರಿಯ ಕಥೆಯಲ್ಲ. ಆದರೆ ಅಂದಿನಿಂದ ನಮ್ಮ ಚಹಾದಂಗಡಿಯಲ್ಲಿ ಉಸುಕು, ಸಿಮೆಂಟಿನ ಮಾತು ಆಗಾಗ ಬರುತ್ತದೆ. ಸಳಿ ಎಲ್ಲಿ ಮಲಗಿದೆ ಎಂಬ ಮಾತು ಬರುವುದಿಲ್ಲ. ಕಾಂಕ್ರೀಟು ಮುಚ್ಚಿದ ಮೇಲೆ ಕಾಣದಲ್ಲ!

1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಹಳ್ಳಿಯಲ್ಲಿ ಮನೆ ಕಟ್ಟಲು ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಆ ಪರವಾನಗಿಯಲ್ಲೇ ಒಂದು ಷರತ್ತು ಸೇರಿಸಿ: ಗ್ಯಾಲರಿ ಇದ್ದರೆ ಕಾಂಕ್ರೀಟಿನ ಹಿಂದಿನ ದಿನ ಕಿರಿಯ ಎಂಜಿನಿಯರ್ ಬಂದು ಟೇಪು ಹಿಡಿದು ನೋಡಲಿ. ಬರಲಾಗದಿದ್ದರೆ ಟೇಪು ಕಾಣುವಂತೆ ತೆಗೆದ ಫೋಟೋವನ್ನಾದರೂ ತರಿಸಿಕೊಳ್ಳಲಿ. ತಾಲ್ಲೂಕಿನ ಗೌಂಡಿಗಳನ್ನು ಒಂದು ದಿನ ಹಾನಗಲ್ಲಿಗೆ ಕರೆಸಿ, ಅದೇ ಚಪ್ಪಲಿ ತೋರಿಸಿದರೂ ನಡೆದೀತು. ನಮ್ಮ ಗೌಂಡಿ ಕೆಟ್ಟವನಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ ಅಷ್ಟೇ. ನಾನು ಚಪ್ಪಲಿ ಬಗ್ಗಿಸಿ ತೋರಿಸಿದ್ದೇ ತಡ, ಉಳಿದರ್ಧದ ಸಳಿಯನ್ನು ತಾನೇ ಎತ್ತಿ ಕಟ್ಟಿಸಿದ.

ಮೊದಲಿನ ಅರ್ಧ ಹಾಗೇ ಉಳಿದಿದೆ. ಅದಕ್ಕೆ ಟೈಲ್ಸ್ ಹಾಕಿಸಿಲ್ಲ, ಗೋಡೆಗುಂಟ ಬಿರುಕು ಬಿಟ್ಟರೆ ಕಣ್ಣಿಗೆ ಬೀಳಲಿ ಎಂದು. ಅಡ್ಡಕ್ಕೆ ಹಗ್ಗ ಕಟ್ಟಿದ್ದೇನೆ. ಓಣಿಯಲ್ಲಿ ಮೆರವಣಿಗೆ ಬಂದಾಗ ಮಕ್ಕಳನ್ನು ಹಗ್ಗದ ಈಚೆಗೇ ನಿಲ್ಲಿಸಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
ತಿಳವಳ್ಳಿಯ ಒಬ್ಬ ಮನೆ ಕಟ್ಟಿಸಿದವ